ಗಿಳಿ ಕಾಣುವ ಎತ್ತರ

ಮುಖ್ಯರಸ್ತೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಶೋಕೇಸಕ್ಕ ಗೊತ್ತಿಲ್ಲದವರಿಲ್ಲ. ಗಾಜಿನ ಹಿಂದೆ ಗೊಂಬೆಗಳಿಗೆ ಬಟ್ಟೆ ತೊಡಿಸಿ, ಮಡಿಕೆ ಕೂರಿಸಿ, ದೀಪ ಎತ್ತ ತಿರುಗಬೇಕೋ ಅತ್ತ ತಿರುಗಿಸಿ ನಿಲ್ಲಿಸುವುದು ಮೂವತ್ತು ವರ್ಷದಿಂದ ಅವಳ ಕೆಲಸ. ಅದರಲ್ಲಿ ಅವಳದು ಎತ್ತಿದ ಕೈ. ಆ ಮಾತನ್ನು ಬೇರೆಯವರು ಹೇಳಲಿ ಅಂತ ಕಾಯುವ ಪೈಕಿಯೂ ಅವಳಲ್ಲ. "ಬಸ್ಸಿಗೆ ಓಡೋನು ಕೂಡ ನನ್ನ ಗಾಜಿನ ಮುಂದೆ ಎರಡು ಸೆಕೆಂಡ್ ನಿಂತೇ ಓಡ್ಬೇಕು" ಅನ್ನುತ್ತಾಳೆ, ಮತ್ತು ನಿಜಕ್ಕೂ ನಿಲ್ಲುತ್ತಾರೆ.

ಅಂಥವಳು ಐವತ್ತೊಂದನೇ ವಯಸ್ಸಿಗೆ ಮದುವೆಯಾದಳು. ಈಗ್ಯಾಕೆ ಅಂತ ಕೇಳಿದವರಿಗೆ "ಮೊದಲು ಪುರುಸೊತ್ತಿರಲಿಲ್ಲ" ಅಂದಳು. ಗಂಡ ಲಿಫ್ಟ್ ರಿಪೇರಿಯವರು, ಆರು ವರ್ಷದ ಹಿಂದೆ ಹೆಂಡತಿಯನ್ನು ಕಳೆದುಕೊಂಡವರು. ಅಂಗಡಿಯ ಲಿಫ್ಟು ತಿಂಗಳಿಗೆ ಎರಡು ಸಲ ಕೆಟ್ಟು ಅವರನ್ನು ಕರೆಸಿಕೊಳ್ಳುತ್ತಿತ್ತು. ಮದುವೆ ಆದ ಮೇಲೆ ಅದು ಕೆಡುವುದೇ ನಿಂತುಹೋಯಿತು. ಆ ವಿಷಯದಲ್ಲಿ ಅಂಗಡಿಯವರಿಗೆ ಇವತ್ತಿಗೂ ಶೋಕೇಸಕ್ಕನ ಮೇಲೆ ಗುಮಾನಿ ಇದೆ.

ಮನೆಯಲ್ಲಿ ಎಲ್ಲ ಸರಿಯಿತ್ತು, ಒಂದು ಬಿಟ್ಟು. ಗಂಡನ ಮಗಳು, ಊರಿನ ಆಚೆ ತುದಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಇಪ್ಪತ್ತೆಂಟರ ಹುಡುಗಿ, ಮದುವೆಯಾದ ಈ ನಾಲ್ಕು ತಿಂಗಳಲ್ಲಿ ಮೂರು ಸಲ ಬಂದಿದ್ದಳು. ಮೂರು ಸಲವೂ ಕೂರಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ತಲೆ ತಗ್ಗಿಸಿ ನಿಂತು, ಹೆಗಲಿನ ಬ್ಯಾಗು ಇಳಿಸದೆ, ಕಾಫಿಯನ್ನೂ ನಿಂತೇ ಕುಡಿದು ಹೊರಡುತ್ತಿದ್ದಳು. "ಕೂತ್ಕೋಮ್ಮ" ಅಂದರೆ "ಪರವಾಗಿಲ್ಲ, ಬಸ್ಸಿದೆ." ಒಂದು ಒರಟು ಮಾತಿಲ್ಲ, ಮುಖ ಗಂಟಿಕ್ಕಿದ್ದಿಲ್ಲ. ಬೈದಿದ್ದರೆ ಶೋಕೇಸಕ್ಕನಿಗೆ ಸುಲಭವಾಗುತ್ತಿತ್ತು, ತಿರುಗಿ ಬೈದು ಸರಿ ಮಾಡಿಕೊಳ್ಳುತ್ತಿದ್ದಳು. ಆದರೆ ಮಗಳು ಹೋದ ಮೇಲೆ ಗಂಡ ಆ ಖಾಲಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದರಲ್ಲ, ಅದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

"ಈ ಭಾನುವಾರ ಬರ್ತಾಳಲ್ಲ, ಕೂರಿಸ್ತೀನಿ. ನೋಡ್ತಾ ಇರಿ" ಅಂದಳು ಗಂಡನಿಗೆ.

"ಹೇಗೆ?"

"ನಿಮ್ಮ ಗೋಡೆ ನೋಡಿ. ಆಸ್ಪತ್ರೆ ವಾರ್ಡಿಗೂ ಇದಕ್ಕೂ ಏನು ವ್ಯತ್ಯಾಸ? ಅವಳಿಗೆ ಸೇರಿದ್ದು ಅಂತ ಈ ಹಾಲಿನಲ್ಲಿ ಒಂದಾದ್ರೂ ಇದೆಯಾ? ಯಾರ ಮನೆ ಅಂತ ಕೂರಬೇಕು ಅವಳು?"

ತಪ್ಪು ಗಂಡನದೇ. ಹೊಸ ಹೆಂಡತಿಗೆ ಕಸಿವಿಸಿ ಆಗಬಾರದು ಅಂತ ಮದುವೆಗೆ ಮುಂಚೆ ಹಾಲಿನ ಗೋಡೆಯಿಂದ ಎಲ್ಲ ಇಳಿಸಿ, ಟ್ರಂಕಿಗೆ ತುಂಬಿ, ತೂತು ಮುಚ್ಚಿ, ಕೆನೆ ಬಣ್ಣ ಬಳಿಸಿಬಿಟ್ಟಿದ್ದರು. ಒಳ್ಳೆಯ ಮನುಷ್ಯರು ಮಾಡುವ ಎಡವಟ್ಟು ಹೀಗೇ ಇರುತ್ತದೆ, ಬೈಯುವುದಕ್ಕೂ ಬರುವುದಿಲ್ಲ.

ಶನಿವಾರ ಅರ್ಧ ದಿನ ರಜೆ ಹಾಕಿ ಶೋಕೇಸಕ್ಕ ಟ್ರಂಕು ತೆಗೆದಳು. ನಾಲ್ಕು ಸಾಮಾನು ಸಿಕ್ಕವು. ಮೊದಲ ಹೆಂಡತಿ ಕಸೂತಿಯಲ್ಲಿ ತೆಗೆದ ಗಿಳಿ, ಅದರ ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. ಮಗಳು ಆರನೇ ವಯಸ್ಸಿನಲ್ಲಿ ಬಣ್ಣದ ಕಡ್ಡಿಯಲ್ಲಿ ಬರೆದ ಅಪ್ಪನ ಲಿಫ್ಟು, ಒಳಗಿನ ಎಂಟು ಜನರಿಗೂ ಕಿವಿ ತನಕ ನಗು. ಮೂವರ ಒಂದು ಫೋಟೋ. ಮತ್ತೆ ಹಳೇ ಲಿಫ್ಟಿನಿಂದ ಕಳಚಿದ, ಮೂರು ಅಂತ ಕೆತ್ತಿದ ಹಿತ್ತಾಳೆ ಬಿಲ್ಲೆ. ಆ ಮೊದಲ ಹೆಂಡತಿ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಮಹಡಿಯದು.

ಗಿಳಿಯ ಚೌಕಟ್ಟನ್ನು ಒರೆಸುತ್ತ ಶೋಕೇಸಕ್ಕ ಮನಸ್ಸಿನಲ್ಲೇ ಆಕೆಯನ್ನು ಮಾತಾಡಿಸಿದಳು. ನೋಡಮ್ಮ, ನಿನ್ನ ಜಾಗ ನನಗೆ ಬೇಡ, ನನಗೆ ನನ್ನದು ಸಾಕು. ನಿನ್ನ ಮಗಳು ಬಂದು ಕೂತರೆ ಆಯಿತು.

ಆಮೇಲೆ ಗೋಡೆಯ ಮೇಲೆ ಅಂಗೈ ಆಡಿಸಿದಳು. ಬಣ್ಣದ ಕೆಳಗೆ ಮುಚ್ಚಿದ ತೂತುಗಳು ಬೆರಳಿಗೆ ಸಿಕ್ಕವು. ಎಲ್ಲ ಸೊಂಟಕ್ಕಿಂತ ಒಂದು ಗೇಣು ಮೇಲಕ್ಕೆ, ಅಷ್ಟೇ. ಅವಳಿಗೆ ನಗು ಬಂತು.

"ಪಾಪ, ಆಯಮ್ಮನಿಗೆ ಎತ್ತರದ ಅಂದಾಜೇ ಇರಲಿಲ್ಲ ನೋಡಿ. ಯಾವುದೇ ಚಿತ್ರ ಆಗಲಿ, ನೆಲದಿಂದ ಐದಡಿಗೆ ಬರ್ಬೇಕು. ನಿಂತವರ ಕಣ್ಣಿನ ನೇರಕ್ಕೆ."

ಗಂಡ ಗಿಳಿಯ ಚೌಕಟ್ಟು ಹಿಡಿದುಕೊಂಡು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ನಿಂತಿದ್ದರು. "ಊಂ... ಊಂ..." ಅಂತ ಏನೋ ಹೇಳಲು ಹೋದರು.

"ನೀವು ಸುಮ್ಮನೆ ಮೊಳೆ ಕೊಡಿ. ಇದು ನನ್ನ ಕಸುಬು."

ಅವರು ಮೊಳೆ ಕೊಟ್ಟರು.

ಭಾನುವಾರ ಹತ್ತು ಗಂಟೆಗೆ ಮಗಳು ಬಂದಳು. ಚಪ್ಪಲಿ ಬಿಟ್ಟಳು, ಗೋಡೆ ನೋಡಿದಳು, ಮತ್ತು ಮೊದಲ ಸಲ ಚಪ್ಪಲಿ ಸ್ಟ್ಯಾಂಡು ದಾಟಿ ನಾಲ್ಕು ಹೆಜ್ಜೆ ಒಳಗೆ ಬಂದಳು. ಶೋಕೇಸಕ್ಕ ಗಂಡನ ಕಡೆ ನೋಡಿ ಹುಬ್ಬು ಹಾರಿಸಿದಳು. ಗೆದ್ದೆ ಅಂತ.

ಹುಡುಗಿ ಗಿಳಿ ನೋಡಿದಳು, ಲಿಫ್ಟು ನೋಡಿದಳು. ನೋಡುತ್ತ ನೋಡುತ್ತ ಮುಖ ಸಪ್ಪಗಾಯಿತು.

"ಚೆನ್ನಾಗಿದೆ. ಅಂಗಡಿ ಥರಾನೇ ಇದೆ" ಅಂದಳು. ಬ್ಯಾಗಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

ಅಂಗಡಿ ಥರ ಅನ್ನುವುದು ಶೋಕೇಸಕ್ಕನಿಗೆ ದೊಡ್ಡ ಹೊಗಳಿಕೆ. ಆದರೆ ದನಿ ಹೊಗಳುವವರದಾಗಿರಲಿಲ್ಲ. ಸುತ್ತಿ ಬಳಸುವುದು ಅವಳ ಜಾಯಮಾನವಲ್ಲ, ನೇರ ಕೇಳಿದಳು.

"ಏನೋ ತಪ್ಪಾಗಿದೆ. ಏನು ಅಂತ ಹೇಳಿಬಿಡು. ನಿನಗೆ ಇಷ್ಟ ಆಗ್ಲಿ ಅಂತಲೇ ಹಾಕಿದ್ದು, ನಿನಗೇ ಇಷ್ಟ ಆಗದಿದ್ರೆ ಯಾಕೆ ಬೇಕು?"

ಹುಡುಗಿ ಗಿಳಿಯ ಕಡೆ ಕೈ ತೋರಿಸಿದಳು. "ಅಮ್ಮ ಇದನ್ನೆಲ್ಲ ಕೂತವರಿಗೆ ಅಂತ ಹಾಕಿದ್ದಳು" ಅಂದಳು. "ಇಡೀ ದಿನ ಕೌಂಟರಲ್ಲಿ ನಿಂತು ಬರ್ತಿದ್ಲು. ಬಂದವಳೇ ಈ ಸೋಫಾದಲ್ಲಿ ಕುಸಿದು ಕೂರೋಳು. ಕೂತು ಎದುರಿಗೆ ನೋಡಿದ್ರೆ ಗಿಳಿ ಕಾಣ್ಬೇಕು. ಯಾರಾದ್ರೂ ಬಂದು ನಿಂತೇ ಮಾತಾಡ್ತಿದ್ರೆ, ಕೂತ್ಕೊಳ್ಳಿ, ನಿಂತ್ರೆ ಗಿಳಿ ಕಾಣಲ್ಲ ಅನ್ನೋಳು."

ಶೋಕೇಸಕ್ಕ ಹೋಗಿ ಸೋಫಾದಲ್ಲಿ ಕೂತಳು. ಎದುರು ಗೋಡೆ ನೋಡಿದಳು. ಗಿಳಿ ಇರಲಿಲ್ಲ. ಎತ್ತರದ ಗಾಜಿನ ಮೇಲೆ ಕಿಟಕಿಯ ಬೆಳಕು ಬಿದ್ದು ಬರೀ ಬಿಳಿ ಹೊಳಪು ಕಾಣುತ್ತಿತ್ತು. ಮೂವತ್ತು ವರ್ಷದಲ್ಲಿ ತಾನು ಜೋಡಿಸಿದ್ದನ್ನು ಒಂದು ಸಲವೂ ಅವಳು ಕೂತು ನೋಡಿರಲಿಲ್ಲ. ಅಂಗಡಿಯ ಗಾಜಿನ ಮುಂದೆ ಯಾರು ತಾನೇ ಕೂರುತ್ತಾರೆ? ಈ ಹುಡುಗಿ ಬಂದಾಗಲೆಲ್ಲ ತಲೆ ತಗ್ಗಿಸಿ ನಿಲ್ಲುತ್ತಿದ್ದದ್ದೂ ಈಗ ಅರ್ಥವಾಯಿತು. ಕೋಪ ಅಂದುಕೊಂಡಿದ್ದಳು ಶೋಕೇಸಕ್ಕ. ಗಿಳಿಯ ಜಾಗ ನೋಡುತ್ತಿದ್ದಳು ಹುಡುಗಿ. ಎಲ್ಲವನ್ನೂ ನನ್ನ ಮೂಗಿನ ನೇರಕ್ಕೇ ಅಳೆದೆನಲ್ಲ ಅನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಸಿಟ್ಟು ಬಂದರೆ ಯಾರಿಗಾದರೂ ಹಂಚಬೇಕಲ್ಲ, ಗಂಡ ಹತ್ತಿರದಲ್ಲೇ ಇದ್ದರು.

"ನಿಮಗೆ ಗೊತ್ತಿತ್ತು ತಾನೇ? ನಿನ್ನೆ ಹೇಳೋಕೆ ಏನಾಗಿತ್ತು?"

"ಬಾಯಲ್ಲಿ ಮೊಳೆ ಇತ್ತು" ಅಂದರು ಗಂಡ.

ಹುಡುಗಿ ಫಕ್ಕನೆ ನಕ್ಕುಬಿಟ್ಟಳು. ನಕ್ಕದ್ದಕ್ಕೆ ತಾನೇ ನಾಚಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನಗು, ನಗು. ತಪ್ಪು ನಂದು, ನಾನೇ ಸರಿ ಮಾಡ್ತೀನಿ. ರೀ, ಸುತ್ತಿಗೆ ತನ್ನಿ. ನೀನು ಬಾಮ್ಮ ಇಲ್ಲಿ, ಹಳೇ ಜಾಗ ತೋರಿಸು."

ಹುಡುಗಿಗೆ ಹುಡುಕುವ ಕೆಲಸವೇ ಬೀಳಲಿಲ್ಲ. ಕೆನೆ ಬಣ್ಣದ ಮೇಲೆ ಬೆರಳಿಟ್ಟು ಇಲ್ಲಿ, ಇಲ್ಲಿ, ಇದು ಲಿಫ್ಟು, ಇದು ಬಿಲ್ಲೆ ಅನ್ನುತ್ತ ಹೋದಳು. ಇಟ್ಟಲ್ಲೆಲ್ಲ ಮುಚ್ಚಿದ ತೂತು. ಶೋಕೇಸಕ್ಕ ಮಂಡಿಯೂರಿ ಮೊಳೆ ಹೊಡೆದಳು. ಅರ್ಧ ಗಂಟೆಯಲ್ಲಿ ನಾಲ್ಕೂ ಕೆಳಗಿಳಿದವು. ಮೇಲೆ ಐದಡಿಯಲ್ಲಿ ನಾಲ್ಕು ಖಾಲಿ ಮೊಳೆ ಹಲ್ಲುಕಿರಿದುಕೊಂಡು ಉಳಿದವು.

"ನಿಮ್ಮದೆಲ್ಲಿ?" ಅಂದಳು ಹುಡುಗಿ.

"ನಂದೇನು?"

"ನೀವೂ ಇದೇ ಮನೇಲಿ ಇದೀರಲ್ಲ. ನಿಮ್ಮದು ಅಂತ ಗೋಡೆ ಮೇಲೆ ಏನೂ ಇಲ್ವಲ್ಲ."

ಶೋಕೇಸಕ್ಕ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು. ಊರಿಗೆಲ್ಲ ಶೋಕೇಸು ಮಾಡಿದ್ದಳು, ತನ್ನದು ಅಂತ ಒಂದನ್ನೂ ಎಲ್ಲಿಯೂ ಇಟ್ಟಿರಲಿಲ್ಲ. ಈ ಗೋಡೆಯಲ್ಲಿ ಜಾಗ ಕೇಳಬೇಕು ಅನ್ನುವುದು ಅವಳಿಗೆ ಹೊಳೆದಿರಲಿಲ್ಲ. ಅಥವಾ ಹೊಳೆದಿತ್ತು, ಕೇಳುವ ಧೈರ್ಯವಾಗಿರಲಿಲ್ಲ. ಧೈರ್ಯ ಇಲ್ಲ ಅಂತ ಒಪ್ಪಿಕೊಳ್ಳುವುದು ಅವಳಿಗೆ ಅಭ್ಯಾಸವೂ ಇಲ್ಲ.

ಒಳಗೆ ಹೋಗಿ ಸೂಟ್‌ಕೇಸಿನ ತಳದಿಂದ ಒಂದು ಮರದ ಕೈ ತಂದಳು. ಮೊಣಕೈಯಿಂದ ಬೆರಳ ತುದಿಯವರೆಗೆ, ನಯವಾದದ್ದು, ಕಿರುಬೆರಳಿನ ತುದಿ ಮುಕ್ಕಾಗಿತ್ತು. ಅವಳ ಮೊದಲ ಶೋಕೇಸಿನ ಗೊಂಬೆಯದು. ಮೊದಲು ಕೆಲಸಕ್ಕಿದ್ದ ಆ ಅಂಗಡಿ ಮುಚ್ಚಿದಾಗ ಗೊಂಬೆ ಗುಜರಿಗೆ ಹೋಯಿತು, ಕೈ ಇವಳ ಜೊತೆ ಬಂತು.

"ನಾನು ಕಲಿತದ್ದು ಇದರಲ್ಲೇ" ಅಂದಳು. "ರಾತ್ರಿ ಎದ್ದವರು ನೋಡಿದ್ರೆ ಹೆದರ್ಕೋತಾರೆ, ಬೇಡ ಬಿಡು."

"ಕೊಡಿ ಇಲ್ಲಿ" ಅಂದಳು ಹುಡುಗಿ. ಸೋಫಾದ ಪಕ್ಕದ ಗೋಡೆಗೆ ಅದನ್ನು ಒತ್ತಿ ಹಿಡಿದು, ಮೇಲೆ ಕೆಳಗೆ ಮಾಡಿ ನೋಡಿ, ಅಪ್ಪನ ಕೈಯಲ್ಲಿ ಎರಡು ಸ್ಕ್ರೂ ಹಾಕಿಸಿದಳು. ಅಂಗೈ ಮೇಲಕ್ಕೆ ತಿರುಗಿತ್ತು, ಬೆರಳು ಸ್ವಲ್ಪ ಮಡಚಿತ್ತು.

"ಗಟ್ಟಿ ಇದೆಯಾ?"

"ಭಾರ ಹಾಕಿ ನೋಡು" ಅಂದಳು ಶೋಕೇಸಕ್ಕ.

ಹುಡುಗಿ ಸೋಫಾದಲ್ಲಿ ಕೂತಳು. ಕೂತಲ್ಲಿಂದಲೇ ಹೆಗಲಿನ ಬ್ಯಾಗು ತೆಗೆದು, ಕೈ ಚಾಚಿ ಆ ಮರದ ಬೆರಳುಗಳಿಗೆ ನೇತುಹಾಕಿದಳು. ಬ್ಯಾಗು ಒಂದು ಸಲ ತೂಗಿ ನಿಂತಿತು.

ಬೇಕಾದಾಗ ಬಾಯಿ ಬಿಡದ ಗಂಡನಿಗೆ ಆಗಲೇ ಬಾಯಿ ಬರಬೇಕೆ, "ಬಸ್ಸು ಎಷ್ಟು ಗಂಟೆಗೆ ಪುಟ್ಟ?" ಅಂದರು. ಶೋಕೇಸಕ್ಕ ಅವರನ್ನು ದುರುಗುಟ್ಟಿ ನೋಡಿದಳು.

"ಸಂಜೆಗೂ ಒಂದಿದೆ ಅಪ್ಪ" ಅಂದಳು ಹುಡುಗಿ. ಆಮೇಲೆ ಸೋಫಾದಲ್ಲಿ ಸ್ವಲ್ಪ ಜರುಗಿದಳು. "ನೀವಿಬ್ಬರೂ ಕೂತ್ಕೊಳ್ಳಿ. ನಿಂತ್ರೆ ಗಿಳಿ ಕಾಣಲ್ಲ."

ಶೋಕೇಸಕ್ಕ ಕೂತಳು.