ಐದು ಚಿಕ್ಕಿಯ ಫ್ರಿಜ್

ಇನಾಯತ್ ಫ್ರಿಜ್ಜನ್ನು ಗೋಡೆಯಿಂದ ಅರ್ಧಕ್ಕೆ ಎಳೆದು ಪ್ಲಗ್ಗಿಗೆ ಕೈ ಹಾಕಿದ್ದ.

"ಲೇ ಇನಾಯತ್, ಕೀಳಬ್ಯಾಡೋ! ನನ್ನ ಸೂಜಿ ಔಷಧ ಐತಿ ಅದರಾಗ."

ಬಾಜೂ ಮನೆಯ ಕೆಂಚವ್ವ ಹೊಸ್ತಿಲಲ್ಲೇ ಕೂಗಿದ್ದಳು. ಸಾವಿನ ಮನೆಯಲ್ಲಿ ದನಿ ಎತ್ತಿದೆನಲ್ಲ ಎಂದು ಮರುಕ್ಷಣವೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮಗ್ಗದ ಖೋಲ್ಯಾಗ ಹಚ್ಚತೀನಿ ಕಾಕೂ. ಅಮ್ಮನ ಮೈ ಇಲ್ಲೇ ತೊಳೀಬೇಕು, ಜಾಗಾ ಸಾಲಂಗಿಲ್ಲ."

ಅವನ ತಾಯಿ ಖಾದರಬಿ ಅಂದು ಬೆಳಗಿನ ನಮಾಜಿಗೆ ಏಳಲಿಲ್ಲ. ಎಬ್ಬಿಸಲು ಹೋದ ಸೊಸೆ ನಾಜಮೀನ್ ಭುಜ ಮುಟ್ಟಿದಾಗ ಮೈ ಆಗಲೇ ತಣ್ಣಗಾಗಿತ್ತು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಎಂದು ಹಿರಿಯರು ಹೇಳಿ ಹೋಗಿದ್ದರು. ರಾತ್ರಿಯೆಲ್ಲ ಸುರಿದ ಮಳೆ ಈಗ ನಿಂತು, ಓಣಿಯ ಮೇಲೆ ಹಾಲಿನಂಥ ಬೆಳಕು ಬಿದ್ದಿತ್ತು. ಬಂದವರೆಲ್ಲ ಯಾರನ್ನೋ ಎಬ್ಬಿಸಬಾರದು ಎಂಬಂತೆ ಹೆಜ್ಜೆ ಇಡುತ್ತಿದ್ದರು.

ಮೈ ತೊಳೆಯಲು ಬಂದ ರೂಬಿನಾ ನೀರು ಬೆಚ್ಚಗಾಯಿತೇ ಎಂದು ಬೆರಳದ್ದಿ ನೋಡಿದಳು. "ನನ್ನ ಜೋಡಿ ಯಾರು ನಿಂದರತೀರಿ? ಸೊಸಿ ನಿಂತ್ರ ಚಲೋ."

"ನನ್ನ ಕೈ ನಡಗಾಕತ್ತಾವ್ರಿ. ಬ್ಯಾರೆ ಯಾರನ್ನಾರ ಕರೀರಿ," ಎಂದಳು ನಾಜಮೀನ್.

ಅವಳ ಕೈ ನಡುಗುತ್ತಿರಲಿಲ್ಲ. ರೂಬಿನಾ ಅದನ್ನು ನೋಡಿದಳು.

ಮಗ್ಗದ ಕೋಣೆಗೆ ಇದ್ದದ್ದು ಒಂದೇ ಕಿಂಡಿ. ಹಗಲಲ್ಲೂ ಅಲ್ಲಿ ಬಲ್ಬು ಉರಿಯಬೇಕು. ಅದರ ಕೆಳಗೆ, ನೆಟ್ಟಗೆ ನಿಂತ ಮಗ್ಗದಲ್ಲಿ ನಾಜಮೀನ್ ನೇಯುತ್ತಿದ್ದ ಜಮಖಾನೆ ಅರ್ಧಕ್ಕೆ ಬಂದಿತ್ತು. ಇನಾಯತ್ ಪ್ಲಗ್ ಹಾಕಿದ. ಫ್ರಿಜ್ಜು ಸಣ್ಣಗೆ ಗುಂಯ್ ಎಂದಿತು. ಕೆಂಚವ್ವ ಮಾತ್ರ ಫ್ರಿಜ್ಜು ಬಿಟ್ಟು ಬಲ್ಬನ್ನೇ ನೋಡುತ್ತಿದ್ದಳು.

"ಮಿಣಕ್ ಅನಲಿಲ್ಲ ನೋಡ. ಖಾದರಬಿ ಅಂದಂಗ ಆತು."

ಹಿಂದೆಯೇ ಬಂದಿದ್ದ ನಾಜಮೀನಳ ಮುಖ ಬಿಗಿಯಿತು. ಇನಾಯತ್ ಹೊರಗೆ ಹೋದ.

*

ರಮಜಾನ್ ಮುಗಿದ ಮೇಲೆ ತಾಯಿ, ಮಗ, ಸೊಸೆ ಮೂವರೂ ಫ್ರಿಜ್ಜು ಕೊಳ್ಳಲು ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿದ್ದರು. ಅಂಗಡಿಯ ತುಂಬ ಫ್ರಿಜ್ಜುಗಳು ಸಾಲಾಗಿ ನಿಂತಿದ್ದವು. ನಾಜಮೀನ್ ನೇರವಾಗಿ ಹೋಗಿ ನಿಂತದ್ದು ಎರಡು ಬಾಗಿಲಿನ, ದಾಳಿಂಬೆ ಬಣ್ಣದ, ಹೂಬಳ್ಳಿ ಹರಿದಿದ್ದ ಒಂದರ ಮುಂದೆ. ಅದನ್ನು ಅವಳು ಮೊದಲೇ ಕಂಡಿದ್ದಳು ಎನ್ನಬೇಕು. ಸೆಕೆಯಲ್ಲಿ ನಿದ್ದೆ ಬಾರದೆ ಹೊರಳುವಾಗ ಅಂಥದೇ ಬಾಗಿಲು ಕಣ್ಣ ಮುಂದೆ ತೆರೆದು, ಬಿಳಿ ಬೆಳಕು ಕಾಲ ಮೇಲೆ ಚೆಲ್ಲಿ, ಕುಲ್ಫಿಯ ಅಚ್ಚುಗಳು ಸಾಲಾಗಿ ಕಾಣುತ್ತಿದ್ದವು.

ಖಾದರಬಿ ಒಂದೊಂದರ ಬಾಗಿಲನ್ನೂ ತೆರೆದು ಮುಖ ಒಳಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ಅಂಗಡಿಯ ಸುದೀಪ ನಗುತ್ತ ಹಿಂದೆಯೇ ಬಂದ.

"ಈ ಚಿಕ್ಕಿ ಯಾಕ ಹಚ್ಚೀರಿ ತಮ್ಮಾ?" ಖಾದರಬಿ ಬಾಗಿಲಿಗೆ ಅಂಟಿಸಿದ್ದ ನಕ್ಷತ್ರಗಳ ಚೀಟಿ ತೋರಿಸಿದಳು.

"ಚಿಕ್ಕಿ ಹೆಚ್ಚಿದ್ದಷ್ಟೂ ಕರೆಂಟ್ ಕಡಿಮಿ ತಿಂತೈತ್ರಿ ಅಮ್ಮಾ. ಆ ಎರಡು ಬಾಗಿಲಿಂದು ಮೂರು. ಈ ಸಣ್ಣದು ಐದು."

"ಚಾಲೂ ಆಗೂಮುಂದ ಮನ್ಯಾಗಿನ ಲೈಟ್ ಮಂದ ಆಗತೈತೇನು?"

"ಇದರಾಗ ಇನ್ವರ್ಟರ್ ಮೋಟರ್ ಐತ್ರಿ. ಧಡಕ್ಕನ ಏಳಂಗಿಲ್ಲ, ಮೆಲ್ಲಕ ಏಳತೈತಿ. ಹಳೇ ವಾಯರಿಂಗ್ ಇದ್ರ ಇದ ಚಲೋ."

ಖಾದರಬಿ ಬೂದು ಬಣ್ಣದ, ಎದೆಮಟ್ಟದ ಆ ಫ್ರಿಜ್ಜಿನ ತಲೆ ಸವರಿದಳು. "ಇದ ಇರಲಿ. ಮಗ್ಗದ ಮ್ಯಾಲಿನ ಲೈಟ್ ಮಂದ ಆಗಬಾರದು."

ಕನಸಿಗೂ ಮಗ್ಗವೇ ಅಡ್ಡ ಬಂತೇ ಎಂದು ನಾಜಮೀನ್ ಹೂಬಳ್ಳಿಯ ಬಾಗಿಲಿನಿಂದ ಕೈ ತೆಗೆದಳು. ಅತ್ತೆಗೆ ರಾತ್ರಿಯೂ ನೇಯಿಸಬೇಕು, ಅದಕ್ಕೆ ಬೆಳಕು ಬೇಕು, ಅಷ್ಟೇ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಂದಿನಿಂದ ಅತ್ತೆಯೊಡನೆ ಮಾತು ಚಹಾ, ಊಟ, ನೂಲು ಇಷ್ಟಕ್ಕೇ ನಿಂತಿತು. ಖಾದರಬಿಯೂ ಕೆದಕಲಿಲ್ಲ. ಎಷ್ಟೋ ಸಲ ಮಗ್ಗದ ಬಳಿ ಬಂದು, ಏನೋ ಹೇಳುವವಳಂತೆ ನಿಂತು, ಬಲ್ಬಿನ ಧೂಳು ಒರೆಸಿ ಹೋಗುತ್ತಿದ್ದಳು.

*

"ನಾ ರಾತ್ರಿನೂ ನೇಯಲಿ ಅಂತ ತಂದದ್ದು ಕಾಕೂ ಅದು," ಎಂದಳು ನಾಜಮೀನ್. ಅತ್ತೆ ಆಚೆ ಕೋಣೆಯಲ್ಲಿ ಮಲಗಿದ್ದಾಳೆಂದು ನೆನಪಾಗಿ ದನಿ ತಗ್ಗಿಸಿದಳು.

"ಹಂಗಂದವರ‍್ಯಾರು? ಆಕೀ ಹೆಸರು ಏನಿತ್ತು ಗೊತ್ತೈತೇನು ನಿನಗ?"

"ಖಾದರಬಿ."

"ನಾ ಈ ಓಣಿಗೆ ಸೊಸಿಯಾಗಿ ಬಂದಾಗ ಆಕೀನ ಎಲ್ಲಾರೂ ಕುರುಡಿ ಅಂತ ಕರೀತಿದ್ರು ಯವ್ವಾ."

*

ಓಣಿಯ ನೇಯ್ಗೆಯ ಮನೆತನಗಳಲ್ಲಿ ಜಮಖಾನೆಯ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ. ಅವರು ಬೇರೆ ಮನೆಗೆ ಹೋಗುವವರು. ಬಂದ ಸೊಸೆಗೆ ಕಲಿಸುತ್ತಾರೆ. ಖಾದರಬಿ ಮಗ್ಗಕ್ಕೆ ಕೂತ ಮೊದಲ ವರ್ಷವೇ ಅತ್ತೆ ಅವಳಿಗೆ ನವಿಲು ನೇಯಲು ಕೊಟ್ಟರು. ಅದು ದೊಡ್ಡ ಮರ್ಯಾದೆ.

ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇತ್ತು. ಸಂಜೆ ಅದು ಶುರುವಾದರೆ ಮನೆಮನೆಯ ಬಲ್ಬು ಕೆಂಡದಂತಾಗುತ್ತಿತ್ತು. ಆ ಮಬ್ಬಿನಲ್ಲೇ ಖಾದರಬಿ ಹಾಡಿಕೊಳ್ಳುತ್ತ ನವಿಲಿನ ಕೊರಳು ತುಂಬಿದಳು. ಬೆಳಿಗ್ಗೆ ನೋಡಿದರೆ ನೀಲಿ ಇರಬೇಕಾದಲ್ಲೆಲ್ಲ ಹಸಿರು. ಅತ್ತೆ ಬೈಯಲಿಲ್ಲ. ಓಣಿಯವರನ್ನೆಲ್ಲ ಕರೆದು ತೋರಿಸಿ ನಕ್ಕರು, ಆಮೇಲೆ ಎಳೆ ಎಳೆಯಾಗಿ ಅವಳಿಂದಲೇ ಬಿಚ್ಚಿಸಿದರು. ಅಂದು ಅಂಟಿದ ಹೆಸರು ಅತ್ತೆ ಸಾಯುವ ತನಕ ಹೋಗಲಿಲ್ಲ. ಬಾವಿಕಟ್ಟೆಯಲ್ಲಿ ಖಾದರಬಿ ಒಮ್ಮೆ ಮಾತ್ರ ಕೆಂಚವ್ವನ ಮುಂದೆ ಅತ್ತಿದ್ದಳು. "ನನಗ ಕಣ್ಣ ಅದಾವ ಕೆಂಚಿ. ಬೆಳಕ ಇರಲಿಲ್ಲ, ಅಷ್ಟ."

*

"ನನಗ ಹೇಳಬೇಕಿತ್ತು," ಎಂದಳು ನಾಜಮೀನ್. ಬಲ್ಬಿನ ಬೆಳಕಿನಲ್ಲಿ ಜಮಖಾನೆಯ ನೀಲಿ ಬೇರೆ, ಹಸಿರು ಬೇರೆಯಾಗಿ ಕಾಣುತ್ತಿದ್ದವು.

"ಸೊಸಿ ಮುಂದ ಆ ಹೆಸರು ಹೆಂಗ ತಗೀತಾಳ? ಆಕಿಗೆ ನಾಚಿಕಿ. ನಿನಗ ಅಂಥಾ ಹೆಸರು ಬರಬಾರದು ಅಂತಿದ್ದಳು, ಅಷ್ಟ ಗೊತ್ತು ನನಗ."

ನಾಜಮೀನ್ ನೀಲಿ ನೂಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಕುಪ್ಪಸದ ತೋಳು ಮೇಲಕ್ಕೆ ಮಡಚಿಕೊಂಡು, ಮೈ ತೊಳೆಯಲು ಕಟ್ಟಿದ್ದ ಪರದೆ ಸರಿಸಿ ಒಳಗೆ ಹೋದಳು.

"ನಾ ನಿಂದರತೀನ್ರಿ," ಎಂದಳು ರೂಬಿನಾಗೆ.

ಬಲಗೈಯಿಂದ ಶುರು ಮಾಡಿದರು. ನಾಜಮೀನ್ ಆ ಕೈಯನ್ನು ಹಿಡಿದದ್ದು ಅದೇ ಮೊದಲೇನೋ. ಬೆರಳ ತುದಿಗಳು ನೂಲೆಳೆದು ಗಟ್ಟಿಯಾಗಿದ್ದವು. ಬೆಚ್ಚನೆಯ ನೀರಿಗೂ ಮೆತ್ತಗಾಗಲಿಲ್ಲ. ಅವಳು ಒಂದೊಂದನ್ನೂ ಬಿಡಿಸಿ, ಸಂದಿಗಳಲ್ಲಿ ನೀರು ಹರಿಸಿ, ನಿದ್ದೆಯಲ್ಲಿರುವ ಮಗುವಿನದನ್ನು ಮಡಚುವಂತೆ ಮಡಚಿದಳು.

"ಅಮ್ಮಾ," ಎಂದಳು. ರೂಬಿನಾ ನೀರು ಹೊಯ್ಯುವುದನ್ನು ನಿಲ್ಲಿಸಿ ಕಾದಳು.

ಜನಾಜಾವನ್ನು ಹೆಗಲಿಗೆ ಎತ್ತಿದಾಗ ಹೆಂಗಸರು ಬಾಗಿಲ ತನಕ ಬಂದು ನಿಂತರು. ಗಂಡಸರ ದನಿ ಓಣಿಯ ತಿರುವಿನಲ್ಲಿ ಕರಗಿತು. ಒಲೆ ಹಚ್ಚದ ಆ ಮನೆಗೆ ಕೆಂಚವ್ವ ರೊಟ್ಟಿಬುಟ್ಟಿ ತಂದಿಟ್ಟಳು. ಯಾರೋ ನೆಲ ಒರೆಸಿದರು.

ಇನಾಯತ್ ಮರಳಿದಾಗ ಬಿಸಿಲು ಇಳಿದಿತ್ತು. ಕಬರಸ್ತಾನದ ಎರೆಮಣ್ಣು ಮಳೆಗೆ ನೆಂದು ಅವನ ಕಾಲಿಗೆ ಮೊಣಕಾಲ ತನಕ ಮೆತ್ತಿತ್ತು. ತೊಳೆದುಕೊಳ್ಳುವುದು ಮರೆತು, ಹೊಸ್ತಿಲು ದಾಟಿ, ಒರೆಸಿದ ನೆಲದ ಮೇಲೆ ನಡೆದು, ತಾಯಿ ಮಲಗುತ್ತಿದ್ದ ಜಾಗದಲ್ಲಿ ಕೂತುಬಿಟ್ಟ. ರೂಬಿನಾ ಹೆಜ್ಜೆ ಒರೆಸಲು ಅರಿವೆ ಹಿಡಿದು ಬಗ್ಗಿದಳು.

"ಇರಲಿ ಬಿಡ್ರಿ," ಎಂದು ನಾಜಮೀನ್ ಅವಳ ಕೈ ಹಿಡಿದಳು.

ಕಪ್ಪು ಹೆಜ್ಜೆಗಳು ಬಾಗಿಲಿನಿಂದ ಒಳಗೆ ಬಂದಿದ್ದವು. ಅಂಚಿನಿಂದ ಒಣಗುತ್ತ, ಒಂದೊಂದಾಗಿ ಬೂದಿಯ ಬಣ್ಣಕ್ಕೆ ತಿರುಗುತ್ತಿದ್ದವು.