ಜಟ್ಟು ಸುಮ್ಮನಿದ್ದ ಸಂಜೆ

ಮಾಜಾಳಿ ಕಡೆ ಎಲ್ಲೇ ವಾಲಿಬಾಲ್ ಪಂದ್ಯ ನಡೆಯಲಿ, ಮೈಕು ಹಿಡಿಯುವವ ಜಟ್ಟು. ಚೆಂಡು ಬಲೆ ದಾಟುವ ಮೊದಲೇ ಅವನ ಮಾತು ದಾಟಿರುತ್ತಿತ್ತು. ಮೈಕು ಕೈಕೊಟ್ಟರೂ ಊರಾಚೆಯವರಿಗೆ ಸ್ಕೋರು ಗೊತ್ತಾಗುತ್ತಿತ್ತು. ಮೀನಿಗೆ ಹೋದ ದೋಣಿಯಲ್ಲಾಗಲಿ, ಮದುವೆ ಊಟದ ಪಂಕ್ತಿಯಲ್ಲಾಗಲಿ ಅವನ ದನಿಗೆ ಒಂದೇ ಅಳತೆ. ಇಂಥವನು ಒಂದು ಭಾನುವಾರ ತಾನೂ ಹಕ್ಕಿ ನೋಡಲು ಬರುತ್ತೇನೆಂದಾಗ ಹೆಂಡತಿ ವೈಜಯಂತಿಯ ಎದೆ ಧಸಕ್ಕೆಂದಿತು.

ಅಂಗನವಾಡಿಯ ಮಕ್ಕಳಿಗೆ ಕಲಿಸುವ ಅವಳು ಮಳೆಗಾಲ ಮುಗಿದ ಮೇಲೆ ಕಾರವಾರದ ಒಂದು ಗುಂಪಿನ ಜೊತೆ ಕಾಳಿ ನದಿಯ ಅಂಚಿನಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಕಾಡಿಗೆ ಹೋಗತೊಡಗಿದ್ದಳು. ಕಾಲೇಜಿನಲ್ಲಿ ಪಾಠ ಮಾಡುವ ನೀತಾ ಮೇಡಂ ಆ ಗುಂಪಿನ ಮುಂದಾಳು. ವೈಜಯಂತಿ ಅಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವಳು. ಕಂಡ ಹಕ್ಕಿಯನ್ನೂ ಕಂಡೆ ಎನ್ನಲು ಅವಳಿಗೆ ಸಂಕೋಚ.

"ಬರೂದಾದ್ರೆ ಬನ್ನಿ. ಆದ್ರೆ ಅಲ್ಲಿ ಒಂದ್ ಅಕ್ಷರ ಮಾತಾಡೂಕಿಲ್ಲ," ಎಂದಳು. "ನಿಮ್ಮ ದನಿ ಕೇಳಿದ್ರೆ ಇದ್ದ ಹಕ್ಕಿ ಎಲ್ಲ ಗೋವಾಕ್ಕೆ ಹೋಗ್ತವೆ."

ಜಟ್ಟು ಆಣೆಯಿಟ್ಟ. ಇಟ್ಟ ಆಣೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ, ಆ ಸಂಜೆ ಕಾಡಿನ ಗೇಟಿನಲ್ಲಿ ನೀತಾ ಮೇಡಂ ಕ್ಷೇಮ ವಿಚಾರಿಸಿದರೂ ತಲೆಯಷ್ಟೇ ಆಡಿಸಿದ. ಗಂಟಲು ಕೆಟ್ಟಿರಬೇಕೆಂದು ಅವರು ಚೀಲದಿಂದ ಒಂದು ಕೆಮ್ಮಿನ ಗುಳಿಗೆ ತೆಗೆದು ಕೊಟ್ಟರು. ಅದನ್ನೂ ಅವನು ಕೈಮುಗಿದು ಬಾಯಿಗೆ ಹಾಕಿಕೊಂಡ. ವೈಜಯಂತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಕಡಲಿನ ಭರತದ ನೀರು ಕಾಂಡ್ಲಾ ಬೇರುಗಳ ನಡುವೆ ಏರುತ್ತಿತ್ತು. ಹಲಗೆ ಹಾಸಿದ ಕಾಲುದಾರಿಯ ಕೆಳಗೆ ಏಡಿಗಳು ಬಿಲ ಸೇರುತ್ತಿದ್ದವು. ಬೆಳ್ಳಕ್ಕಿಗಳು ಮರದ ನೆತ್ತಿಗೆ ಬಂದು ಕೂತು ಜಾಗಕ್ಕಾಗಿ ಜಗಳ ಮಾಡುತ್ತಿದ್ದವು. ದಾರಿ ನದಿಗೆ ತೆರೆದುಕೊಳ್ಳುವಲ್ಲಿ ಎಲ್ಲರೂ ಬಲಕ್ಕೆ ತಿರುಗಿ, ಕೊಂಬೆಯ ಮೇಲಿನ ಮಿಂಚುಳ್ಳಿಯೊಂದಕ್ಕೆ ದುರ್ಬೀನು ಹಿಡಿದರು.

ಆಗ ಯಾರೋ ಅವಳ ಸೆರಗು ಜಗ್ಗಿದರು. ಗಂಡನಿಗೆ ಬೇಜಾರು ಬಂದಿರಬೇಕೆಂದು ವೈಜಯಂತಿ ಕೈ ಕೊಡವಿದಳು. ಅವನು ಮತ್ತೆ ಜಗ್ಗಿದ. ತಿರುಗಿ ನೋಡಿದರೆ ಜಟ್ಟುವಿನ ಮುಖ ಕೆಂಪಾಗಿತ್ತು, ಕೆನ್ನೆ ಉಬ್ಬಿತ್ತು, ಬೆರಳು ನದಿಯ ಕಡೆ ನೆಟ್ಟಿತ್ತು.

ನೀರಿನಲ್ಲಿ ದೊಡ್ಡದೊಂದು ಹಕ್ಕಿ ರೆಕ್ಕೆ ಹರಡಿ ಬಿದ್ದಿತ್ತು. ಬಿಳಿ ತಲೆ, ಕಣ್ಣಿನ ಮೇಲೆ ಕಾಡಿಗೆ ಎಳೆದಂಥ ಪಟ್ಟೆ. ಮೀನುಗಿಡುಗ! ಚಳಿಗಾಲಕ್ಕೆ ದೂರದ ನಾಡಿನಿಂದ ಬರುವ ಇದನ್ನೇ ನೀತಾ ಮೇಡಂ ಪ್ರತಿವಾರ ಕಾಯುತ್ತಿದ್ದದ್ದು. ಅದರ ಕಾಲಲ್ಲಿ ಕೊಬ್ಬಿದ ಶೇವಟೆ ಮೀನು. ಮೀನು ಕೆಳಗೆ ಎಳೆಯುತ್ತಿತ್ತು, ಹಕ್ಕಿ ದೋಣಿಗೆ ಹುಟ್ಟು ಹಾಕುವವರ ಹಾಗೆ ರೆಕ್ಕೆ ಬಡಿಯುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಗರುಡವೊಂದು ಕಸಿಯಲು ಎರಗಿತು. ಜಟ್ಟು ಅವಳ ತೋಳನ್ನು ಹಿಂಡಿದ. ನೋವಾದದ್ದು ಅವಳಿಗೆ ಆಮೇಲೆ ತಿಳಿಯಿತು. ಗಿಡುಗ ಒಂದೇ ಏಟಿಗೆ ನೀರು ಬಿಟ್ಟೆದ್ದು, ಮೈ ಕೊಡವಿ, ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡು, ಗರುಡವನ್ನು ಹಿಂದೆ ಬಿಟ್ಟು ತೆಂಗಿನ ಸಾಲಿನಾಚೆ ಹೋಯಿತು.

ಉಳಿದವರನ್ನು ಕರೆಯಬೇಕೆಂಬುದು ಅವಳಿಗೆ ನೆನಪಾಗಲೇ ಇಲ್ಲ. ರೆಕ್ಕೆಯ ಸದ್ದಿಗೆ ಅವರು ತಿರುಗುವಾಗ ನೀರಿನ ಮೇಲೆ ಬರೀ ಅಲೆಯ ಉಂಗುರಗಳಿದ್ದವು. ನೀತಾ ಮೇಡಂ ಏನಾಯಿತೆಂದು ಜಟ್ಟುವನ್ನೇ ಕೇಳಿದರು. ಅವನು ಬಾಯಿ ತೆರೆದ. ಹೆಂಡತಿಯತ್ತ ನೋಡಿದ. ಬಾಯಿ ಮುಚ್ಚಿ ಅವಳತ್ತ ಕೈ ತೋರಿಸಿದ.

ಎಲ್ಲರ ಕಣ್ಣೂ ತನ್ನ ಮೇಲೆ. ವೈಜಯಂತಿ ಮೊದಲು ನೆಲ ನೋಡುತ್ತಲೇ ಶುರುಮಾಡಿದಳು. ಮೀನಿನ ಗಾತ್ರ ಹೇಳುವಾಗ ಕೈ ತಾನಾಗಿ ಅಗಲವಾಯಿತು. ಗರುಡ ಎರಗಿದ್ದಕ್ಕೆ ಬರುವಷ್ಟರಲ್ಲಿ ತೋಳುಗಳೇ ರೆಕ್ಕೆಯಾದವು. ಅಂಗನವಾಡಿಯ ಮಕ್ಕಳಷ್ಟೇ ಕಂಡಿದ್ದ ವೈಜಯಂತಿ ಅದು. ನೀತಾ ಮೇಡಂ ಹೊಟ್ಟೆಕಿಚ್ಚಾಗುತ್ತಿದೆಯೆಂದು ನಕ್ಕು ಅವಳ ಬೆನ್ನು ತಟ್ಟಿದರು.

ಹೊರಗೆ ಬಂದು ಭಜಿ ಅಂಗಡಿಯಲ್ಲಿ ಕೂತಾಗ ಅವಳು ಗಂಡನನ್ನು ಆಣೆಯಿಂದ ಬಿಡಿಸಿದಳು. ಇನ್ನು ಬೇಕಾದಷ್ಟು ಮಾತಾಡಬಹುದೆಂದಳು.

ಜಟ್ಟು ಬಿಸಿ ಭಜಿ ಮುರಿದು ಅವಳ ಕಡೆ ಸರಿಸಿದ. "ನಾನು ಹೇಳಿದ್ರೆ ನಿನ್ನಷ್ಟು ಚಂದ ಆಗೂದಿಲ್ಲ ವೈಜು," ಎಂದ, ಪಕ್ಕದ ಮೇಜಿಗೂ ಕೇಳದಷ್ಟು ಮೆಲ್ಲಗೆ. "ಇನ್ನೊಂದ್ ಸಲ ನೀನೇ ಹೇಳು."

ಅವಳು ಹೇಳಿದಳು. ಈ ಸಲ ಗರುಡಗಳು ಎರಡಾಗಿದ್ದವು.