ಆಕಳು ಒಪ್ಪಿದ ಮನೆ

ಹೋದ ವರ್ಷ ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಾಗ ಗದಗ-ಬೆಟಗೇರಿಯಲ್ಲಿ ಎಲ್ಲರಿಗೂ ಅವಸರ. ಕಮಾನು ಕಟ್ಟುವವರಿಗೆ ಅವಸರ, ಬ್ಯಾಂಡಿನವರಿಗೆ ಅವಸರ, ಭಾಷಣ ಬರೆಯುವವರಿಗೆ ಇನ್ನೂ ಅವಸರ. ಆದರೆ ಶೇಂಗಾ ವ್ಯಾಪಾರಿ ಕೊಟ್ರಪ್ಪನ ಅವಸರದ ಮುಂದೆ ಇವೆಲ್ಲ ಏನೂ ಅಲ್ಲ.

“ನಾಡು ಒಂದಾಗೂ ದಿನಾನ ನಾವೂ ಸ್ವಂತ ಮನಿ ಹೊಗಬೇಕು,” ಎಂದು ಅವನು ಓಣಿಗೆಲ್ಲ ಸಾರಿಬಿಟ್ಟಿದ್ದ. ಇದ್ದ ಬಾಡಿಗೆ ಮನೆ ಇಕ್ಕಟ್ಟು. ಹೊಂಬಳಕ್ಕೆ ಕೊಟ್ಟಿದ್ದ ಮಗಳು ನೀಲಗಂಗವ್ವ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು.

ಮನೆಯೂ ಸಿಕ್ಕಿತು. ಬೆಟಗೇರಿಯ ಅಂದಾನಪ್ಪಜ್ಜ ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯ ತನ್ನ ಮನೆ ಮಾರಿ, ಹುಲಕೋಟಿಯಲ್ಲಿದ್ದ ಮಗನ ಹತ್ತಿರ ಹೋಗುವವನಿದ್ದ. ಗೋಡೆಗೆ ಹೊಸ ಸುಣ್ಣ, ತೊಲೆಗಳಿಗೆ ಮಿರಿಮಿರಿ ಎಣ್ಣೆ, ಬಾಗಿಲಿಗೆ ಗಿಳಿ ಕೆತ್ತಿದ ಚೌಕಟ್ಟು. ಕೊಟ್ರಪ್ಪ ಅಯ್ಯನವರನ್ನು ಕರೆದೊಯ್ದು ಮನೆಯ ಅಳತೆ ಶುಭವೋ ಎಂದು ಆಯ ಕೇಳಿದ, ಆಯ ಕೂಡಿತು. ಪದ್ಧತಿಯಂತೆ ಒಂದು ಆಕಳನ್ನು ಒಳಗೆ ಬಿಟ್ಟ. ಅದು ಪಡಸಾಲೆ ದಾಟಿ ನಡುಮನೆಗೆ ಹೋಗಿ, ಸುತ್ತ ನೋಡಿ, ಸಾವಕಾಶ ಸಗಣಿ ಹಾಕಿತು.

ಕೊಟ್ರಪ್ಪ ಕುಣಿಯುತ್ತಲೇ ಮನೆಗೆ ಬಂದ. “ಸುಮಿತ್ರಾ, ಆಕಳ ಒಪ್ಪಿತು! ನಾಳೆ ಸಂಚಕಾರದ ಮುಂಗಡ ರೊಕ್ಕಾ ಕೊಟ್ಟಬಿಡತೇನಿ.”

ಹೆಂಡತಿ ಸುಮಿತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಆಕಳ ನೆಲಾ ನೋಡಿತು. ಮಾಳಗಿ ಯಾರ ನೋಡಿದ್ರು?”

“ಮಾಳಗಿ ಏನ ನೋಡೂದು? ಮ್ಯಾಲೈತಿ.”

“ಮ್ಯಾಲಿದ್ದದ್ದ ಕೆಳಗ ಬೀಳತೈತ್ರಿ. ಮುಂಡರಗಿ ಸಂತ್ಯಾಗ ಎತ್ತ ತರಾಕ ಹೋದಾಗ ಏನ ಮಾಡಿದ್ರಿ? ಹಲ್ಲ ನೋಡಿದ್ರಿ, ಸುಳಿ ನೋಡಿದ್ರಿ, ಬಾಲ ಎತ್ತಿ ನೋಡಿದ್ರಿ. ಪಾಪ, ಆ ಎತ್ತ ನಾಚಿಕೊಂಡ ತಲಿ ಬಗ್ಗಿಸಿತ್ತು. ಮಗಳ ಮಲಗೂ ಖೋಲಿ ಮಾತ್ರ ಆಕಳಿಗಿ ಒಪ್ಪಿಸಿ ಬಂದೀರಿ!”

“ಇನ್ನೊಬ್ಬರ ಮನಿಗಿ ಗೌಂಡಿ ಕರಕೊಂಡ ಹೋದ್ರ ಮರ್ಯಾದಿ ಉಳೀತೈತೇನ? ಹೆಣ್ಣ ನೋಡಾಕ ಹೋಗಿ ಆಕಿ ಹಲ್ಲ ಎಣಿಸಿದಂಗ ಆಕೈತಿ.”

“ಎಣಿಸೂಣು. ನಿಮಗ ನಾಚಿಕಿ ಬಂದ್ರ ಹೊರಗ ನಿಂದರ್ರಿ.”

ಮರುದಿನ ಬೆಳಿಗ್ಗೆ ಸುಮಿತ್ರವ್ವ ಓಣಿಯ ಗೌಂಡಿ ಮಲಂಗಸಾಬನನ್ನು ಕರೆದುಕೊಂಡೇ ಹೊರಟಳು. ಮನೆ ಕಟ್ಟುವುದರಲ್ಲಿ ಅವನದು ದೊಡ್ಡ ಹೆಸರು; ಬೇರೆಯವರು ಕಟ್ಟಿದ ಮನೆಗೆ ಹೆಸರಿಡುವುದರಲ್ಲಿ ಇನ್ನೂ ದೊಡ್ಡದು. ಕೊಟ್ರಪ್ಪ ಇವರಿಗೂ ತನಗೂ ಸಂಬಂಧವೇ ಇಲ್ಲದವನಂತೆ ಹಿಂದೆ ದೂರದಲ್ಲಿ ಬಂದ.

ಮಲಂಗಸಾಬನ ಕೈಯಲ್ಲಿ ಉಳಿ, ಹಾರೆ ಕಂಡು ಅಂದಾನಪ್ಪಜ್ಜ ಹುಬ್ಬು ಗಂಟಿಕ್ಕಿದ. “ಯಾಕಪಾ, ಮನಿ ಕೊಳ್ಳಾಕ ಬಂದೀರೋ, ಕನ್ನಾ ಹಾಕಾಕ ಬಂದೀರೋ?”

“ಕನ್ನಾ ಹಾಕಾಂವ ಹಗಲಿ ಬಂದ ಚಹಾ ಕೇಳತಾನೇನ್ರಿ ಅಜ್ಜಾರ?” ಎಂದು ಮಲಂಗಸಾಬ ಚಹಾ ಹೇಳಿಸಿಕೊಂಡೇ ಕೆಲಸಕ್ಕೆ ಇಳಿದ.

ಗೋಡೆಯ ಬುಡ ಮುಟ್ಟಿ ನೋಡಿದ. “ಹಸಿ ಇಲ್ಲ. ಗ್ವಾಡಿ ಚಲೋ ಅದಾವ.” ಕೊಟ್ರಪ್ಪ ಹೆಂಡತಿಯ ಕಡೆ ‘ಹೆಂಗ?’ ಎನ್ನುವಂತೆ ನೋಡಿದ. ಬಾಣಂತಿಗೆಂದು ಗೊತ್ತುಮಾಡಿದ್ದ ಒಳಗಿನ ಖೋಲಿಗೆ ಹೋಗಿ ಮಲಂಗಸಾಬ ಉಳಿಯ ಹಿಂಭಾಗದಿಂದ ತೊಲೆ ಬಡಿದ. ನಡುವೆ ಬಡಿದಾಗ ‘ಟಣ್’ ಎಂದಿತು. ಗೋಡೆಯೊಳಗೆ ಸೇರುವ ತುದಿಗೆ ಬಡಿದಾಗ ‘ಬೊದ್’ ಎಂದಿತು.

“ಈ ತುದಿ ಟೊಳ್ಳ ಆಗೈತಿ. ಮ್ಯಾಲ ಎಣ್ಣಿ ಮಿಂಚತೈತಿ, ಒಳಗ ಗೆದ್ದಲ ಸಂಸಾರ ಹೂಡೈತಿ.”

ಅಜ್ಜ ಸಿಟ್ಟಿಗೆದ್ದ. “ನನ್ನ ಮನಿಗಿ ಹೆಸರಿಡತೀಯಾ? ಪ್ರತಿ ವರ್ಷ ಮಳಿಗಿಂತ ಮೊದಲ ಮಾಳಗಿಗಿ ಹೊಸ ಮಣ್ಣ ಹಾಕಸ್ತೇನಿ. ಒಂದ ಹನಿ ಸೋರಿಲ್ಲ! ನಮ್ಮಪ್ಪನೂ ಹಾಕಸ್ತಿದ್ದ, ನಮ್ಮಜ್ಜನೂ ಹಾಕಸ್ತಿದ್ದ!”

“ಹಳೀ ಮಣ್ಣ ಕೆರದ ತಗಸ್ತಿದ್ರೇನ್ರಿ?”

“ಹಿರ್ಯಾರ ಹಾಕಿದ ಮಣ್ಣ ನಾ ಯಾಕ ತಗೀಲಿ?”

ಮಲಂಗಸಾಬ ಏಣಿ ಹತ್ತಿದ. ಮೇಲೆ ಹಾರೆಯಿಂದ ಅಗೆದ ಸದ್ದು ಕೇಳಿತು. ಆಮೇಲೆ ಬೆಳಕಿಂಡಿಯಿಂದ ಅವನ ಮುಖ ಇಣುಕಿತು. “ಅಕ್ಕಾರ! ನನ್ನ ಮೊಳಕೈ ಮುಳುಗಿದ್ರೂ ಮಣ್ಣ ಮುಗೀವಲ್ದು! ಮಳಿ ಬಂತಂದ್ರ ಇಲ್ಲಿ ಜೋಳಾ ಬಿತ್ತಬಹುದು. ಮೂರ ತಲಿ ಮಣ್ಣ ಈ ಟೊಳ್ಳ ತೊಲಿ ಮ್ಯಾಲ ಕುಂತೈತ್ರೀ!”

ಕೊಟ್ರಪ್ಪನ ತಾಳ್ಮೆ ಮುಗಿಯಿತು. “ಈ ಮಲಂಗಗ ತಾಜಮಹಲ ತೋರಿಸಿದ್ರೂ ಸೊಟ್ಟ ಅಂತಾನ. ನೋಡ್ರಿ ಇಲ್ಲೆ!” ತೊಲೆಯ ಕಬ್ಬಿಣದ ಬಳೆಯಿಂದ ಹಳೆಯ ತೊಟ್ಟಿಲ ಹಗ್ಗ ಜೋತಾಡುತ್ತಿತ್ತು. “ನನ್ನಂಥಾಂವನ್ನ ಹೊತ್ತರ, ಕೂಸಿನ ತೊಟ್ಟಿಲಾ ಹೊರೂದಿಲ್ಲೇನು?” ಎನ್ನುತ್ತ ಎರಡೂ ಕೈಯಿಂದ ಹಗ್ಗ ಹಿಡಿದು ಕಾಲು ಮೇಲೆತ್ತಿಯೇಬಿಟ್ಟ. ಕೊಟ್ರಪ್ಪನದು ಸಣ್ಣ ಶರೀರವಲ್ಲ.

ಮೊದಲು ಏನೂ ಆಗಲಿಲ್ಲ. ಅವನು ಜೋತಾಡುತ್ತಲೇ ನಕ್ಕ. ಮೇಲೆ ‘ಚಟ್’ ಎಂದಿತು. ಧೂಳು ಉದುರಿತು. ಅಂಗಿಯ ಕೊರಳೊಳಗೆ ಗೆದ್ದಲು ಇಳಿದವು. ತಲೆಯ ಪಟಗದ ಮೇಲೆ ಒಂದು ಮಣ್ಣಿನ ಹೆಂಟೆ ಬಿದ್ದು ಒಡೆಯಿತು. ಹಗ್ಗ ತೂಗುವುದು ನಿಲ್ಲುವ ಮೊದಲೇ ಕೊಟ್ರಪ್ಪ ಬೀದಿಯಲ್ಲಿದ್ದ. ತಿರುಗಿ ನೋಡಿದರೆ ಅವನಿಗಿಂತ ಮೊದಲೇ ಅಂದಾನಪ್ಪಜ್ಜ ಅಲ್ಲಿ ನಿಂತಿದ್ದ, ಹಾಸಿಗೆಯ ಸುರುಳಿಯನ್ನು ಎದೆಗೆ ಅವಚಿಕೊಂಡು.

“ನಾ ದಿನಾ ಅದರ ಕೆಳಗ ಮಲಗತೇನಲ್ಲೋ!”

ಮೇಲಿನಿಂದ ಮಲಂಗಸಾಬ ಕೂಗಿದ: “ಏನಾತ್ರೀ? ಯಾರ ಬಿದ್ರು? ನಾ ಇಳೀಲ್ಯೋ, ಇಲ್ಲೇ ಇರಲ್ಯೋ?”

“ಗ್ವಾಡಿ ಮ್ಯಾಲಿಂದ ಸಾವಕಾಶ ಬಾ ಅಣ್ಣಾ!” ಎಂದಳು ಸುಮಿತ್ರವ್ವ.

ಧೂಳು ಇಳಿದ ಮೇಲೆ ಬಾಗಿಲಲ್ಲಿ ನಿಂತು ನೋಡಿದರು. ನೀಲಗಂಗವ್ವನ ಹೊರಸು ಹಾಕಬೇಕೆಂದಿದ್ದ ಜಾಗದಲ್ಲಿ ಬುಟ್ಟಿ ತುಂಬುವಷ್ಟು ಮಣ್ಣು ಬಿದ್ದಿತ್ತು. ಕೊಟ್ರಪ್ಪ ಪಟಗ ಬಿಚ್ಚಿ ಕೊಡವುತ್ತ ನಿಂತ; ಎಷ್ಟು ಕೊಡವಿದರೂ ಮುಖ ಎತ್ತಲಿಲ್ಲ.

“ಮೋಸಾ ಮಾಡಬೇಕಂತ ಎಣ್ಣಿ ಹಚ್ಚಿಲ್ಲವಾ ತಂಗಿ,” ಎಂದ ಅಜ್ಜ.

“ಗೊತ್ತೈತ್ರಿ ಅಜ್ಜಾರ. ಮೋಸಾ ಮಾಡಾಂವ ತಾನ ಅದರ ಕೆಳಗ ಮಲಗತಾನೇನು?”

ಮಲಂಗಸಾಬ ಇಳಿದು ಬಂದು ಸಮಾಧಾನ ಹೇಳಿದ: “ಹೆದರಬ್ಯಾಡ್ರಿ. ಗ್ವಾಡಿ ಗಟ್ಟಿ ಅದಾವ. ಹಳೀ ಮಣ್ಣ ಇಳಿಸಿ, ಕೆಟ್ಟ ತೊಲಿ ಬದಲ ಮಾಡಿದ್ರ ಮತ್ತ ಒಂದ ತಲಿಮಾರ ಇದರಾಗ ಬಾಳಬಹುದು.”

ಮೊದಲು ರಿಪೇರಿ, ಆಮೇಲೆ ಮಾರಾಟ ಎಂದು ಮಾತಾಯಿತು. ನವೆಂಬರ್ ಒಂದರಂದು ಮೆರವಣಿಗೆ ಆ ಓಣಿಗೆ ಬಂದಾಗ ಮನೆಗೆ ಮಾಳಿಗೆಯೇ ಇರಲಿಲ್ಲ. ಅಂದಾನಪ್ಪಜ್ಜ ಅಂಗಳದಲ್ಲಿ ತನ್ನ ಹಿರಿಯರ ಮಣ್ಣಿನ ಗುಡ್ಡೆ ಹತ್ತಿ ಜೈಕಾರ ಕೂಗಿದ. ಯಾರೋ ಕೇಳಿದರು: “ಏನೋ ಕೊಟ್ರಪ್ಪಾ, ಇವತ್ತ ಮನಿ ಹೊಗತೇನಿ ಅಂದಿದ್ದಿ?”

“ನಾಡು ಒಂದಾಗಾಕ ಇಷ್ಟ ವರ್ಷ ಕಾದೇವಿ. ತೊಲಿ ಬರೂತನಾ ಕಾಯಾಕ ಆಗೂದಿಲ್ಲೇನು?” ಎಂದ ಕೊಟ್ರಪ್ಪ.

ಆ ಖೋಲಿಯಲ್ಲಿಯೇ, ಹೊಸ ತೊಲೆಯ ಕೆಳಗೆ, ನೀಲಗಂಗವ್ವನ ಬಾಣಂತನ ಸುಖವಾಗಿ ಮುಗಿಯಿತು.

ಮನೆ ಕೊಳ್ಳುವ ಅಣ್ಣಂದಿರೇ, ಅಕ್ಕಂದಿರೇ! ಆಯ ಕೇಳಿ, ಆಕಳನ್ನೂ ಬಿಡಿ; ಬೇಡವೆನ್ನುವುದಿಲ್ಲ. ಆದರೆ ಸಂಚಕಾರ ಕೊಡುವ ಮೊದಲು ಗೌಂಡಿಯನ್ನೋ ಬಡಿಗನನ್ನೋ ಕರೆದೊಯ್ದು ಮಾಳಿಗೆ ಹತ್ತಿಸಿ, ತೊಲೆಯ ತುದಿ ಬಡಿಸಿ, ಗೋಡೆಯ ಬುಡ ಮುಟ್ಟಿಸಿ. ಸಾಧ್ಯವಾದರೆ ಮಳೆಯಾದ ಮರುದಿನವೇ ಹೋಗಿ. ಮಾರುವವರೇ, ಇದರಲ್ಲಿ ಅವಮಾನವೇನೂ ಇಲ್ಲ. ನೀವೇ ಮೊದಲು ತೋರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ನಾಳೆ ಕೊಂಡವರು ಎದುರಿಗೆ ಬಂದಾಗ ದಾರಿ ಬದಲಿಸಬೇಕಾಗಿಲ್ಲ. ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ ಎನ್ನುವವರು ಈ ಕಾಗದವನ್ನು ಮಡಚುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ: ನಿಮ್ಮ ಮಕ್ಕಳು ಮಲಗುವ ಜಾಗದ ಮೇಲೆ ಏನಿದೆ?